ಪದಚರ್ಚೆ: ಟರ್ಮಿನಲ್‌ನಲ್ಲಿ ಹೀಬ್ರೂ, 'ಬೈಡೈರೆಕ್ಷನಲ್'ಗೆ ಯಾವ ಪದ? (ನಾಳೆಯೊಳಗೆ ಬೇಕು)

ಸಾಗರದಿಂದ:

ನಮಸ್ಕಾರ. ಒಂದು ಟರ್ಮಿನಲ್ ತಂತ್ರಾಂಶದ (ಆದೇಶಗಳನ್ನು ಅಕ್ಷರದಲ್ಲಿ ಟೈಪ್ ಮಾಡುವ ಕಿಟಕಿ) ಸೆಟ್ಟಿಂಗ್ಸ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಡತ ಕಳಿಸಬೇಕು. ಇಲ್ಲಿ ಮಳೆ ಹಿಡಿದು ಕೂತಿದೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಬೇಗ ಹೇಳಿದರೆ ಉಪಕಾರ.

ಸಿಕ್ಕಿಕೊಂಡಿರುವುದು ಮೂರು ಕಡೆ. ಮೊದಲನೆಯದು 'ಬೈಡೈರೆಕ್ಷನಲ್ ಟೆಕ್ಸ್ಟ್' ಎನ್ನುವ ಟಿಕ್ ಚೌಕ. ಟಿಕ್ ಹಾಕಿದರೆ ಹೀಬ್ರೂ, ಅರೇಬಿಕ್, ಉರ್ದು ಬರಹ ಸರಿಯಾಗಿ ಬಲದಿಂದ ಎಡಕ್ಕೆ ಕಾಣುತ್ತದೆ. ಹಾಕದಿದ್ದರೆ ಹೀಬ್ರೂವಿನ 'ಶಾಲೋಮ್' ಪದದಲ್ಲಿ ಬಲತುದಿಯಲ್ಲಿರಬೇಕಾದ ಶಿನ್ ಅಕ್ಷರ ಎಡತುದಿಗೆ ಬರುತ್ತದೆ. ಪದದ ಕೊನೆಗೆ ಮಾತ್ರ ಬಳಸುವ ಮೇಮ್ ರೂಪ ಬಲಗಡೆ ಹೋಗಿ ಕೂರುತ್ತದೆ. ಓದುವವರು ಬಲದಿಂದ ಶುರು ಮಾಡುತ್ತಾರಲ್ಲ, ಇಡೀ ಪದ ತಿರುಗುಮುರುಗು. ಎರಡನೆಯದು 'ರೈಟ್ ಟು ಲೆಫ್ಟ್'. ಮೂರನೆಯದು ಸಾಲಿನ ದಿಕ್ಕನ್ನು ತಂತ್ರಾಂಶವೇ ಕಂಡುಹಿಡಿಯುವ ಆಯ್ಕೆ.

ಸದ್ಯಕ್ಕೆ 'ದ್ವಿಮುಖ ಪಠ್ಯ' ಅಂತ ಹಾಕಿದ್ದೇನೆ. ರಸ್ತೆ ಸಂಚಾರದ ಬೋರ್ಡು ಓದಿದ ಹಾಗಿದೆ.

ತೀರ್ಥಹಳ್ಳಿಯಿಂದ:

ದ್ವಿಮುಖ ಬೇಡ. 'ಇಮ್ಮೊಗ ಬರಹ' ಅನ್ನಿ. ಇಮ್ಮಡಿ, ಮುಮ್ಮಡಿ ಎಲ್ಲ ಇದೆಯಲ್ಲ. 'ಪಠ್ಯ' ಶಾಲೆಯಲ್ಲಿರಲಿ. ರೈಟ್ ಟು ಲೆಫ್ಟಿಗೆ 'ಎಡಮೊಗ'. ಬಲ ಎನ್ನುವುದು ಸಂಸ್ಕೃತ, ಅದರ ಗೊಡವೆಯೇ ಬೇಡ.

ಶಿವಮೊಗ್ಗದಿಂದ:

ಬಲ ಸಂಸ್ಕೃತ ಅಂತ ಯಾರು ಹೇಳಿದ್ದು? ತಮಿಳಿನಲ್ಲಿ ವಲಂ, ತೆಲುಗಿನಲ್ಲಿ ವಲಪಲ. ಪದದ ಮೊದಲಿನ ವಕಾರ ನಮ್ಮಲ್ಲಿ ಬಕಾರ ಆಗುತ್ತದೆ. ವಾಯ್ ಬಾಯಿ ಆಯಿತು, ವಿಲ್ ಬಿಲ್ಲು ಆಯಿತು, ವಲ ಬಲ ಆಯಿತು. ದೇವರನ್ನು ಬಲಗೊಂಡರು ಅಂದರೆ ಪ್ರದಕ್ಷಿಣೆ ಬಂದರು ಅಂತ, ಶಕ್ತಿ ಪಡೆದರು ಅಂತಲ್ಲ. ಹೋಗಲಿ, ಶಕ್ತಿಯ 'ಬಲ'ವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಅಚ್ಚಗನ್ನಡದ ಹೆಸರಿನಲ್ಲಿ ಅಚ್ಚಗನ್ನಡ ಪದವನ್ನೇ ಆಚೆ ದಬ್ಬುವುದು ನೋಡಿ ನಗು ಬಂತು.

ಇನ್ನು 'ಇಮ್ಮೊಗ'. ಬರಹಕ್ಕೆ ಇರುವುದು ದಿಕ್ಕು, ಮೊಗ ಅಲ್ಲ. ಮೊಗದ ಸಹವಾಸ ನಮ್ಮ ಊರಿಗೆ ಸಾಕಾಗಿದೆ. ಶಿವಮೊಗ್ಗ ಶಿವನ ಮೊಗದಿಂದ ಬಂತೋ, ಸಿಹಿ ಮೊಗೆಯಿಂದ ಬಂತೋ ಎನ್ನುವ ಜಗಳವೇ ಇನ್ನೂ ಮುಗಿದಿಲ್ಲ. ನನ್ನ ಓಟು ಮೊಗೆಗೆ, ಆದರೆ ಅದು ಬೇರೆ ಮಾತು.

ಸೊರಬದಿಂದ:

'ದ್ವಿದಿಕ್ಕು' ಆಗಬಹುದಾ? ಚಿಕ್ಕದಾಗಿದೆ, ಚೌಕದ ಪಕ್ಕ ಹಿಡಿಸುತ್ತದೆ.

ಶಿವಮೊಗ್ಗದಿಂದ:

ಅರಿಸಮಾಸ. ಸಂಸ್ಕೃತ ಪದಕ್ಕೆ ಕನ್ನಡದ್ದನ್ನು ಬೆಸೆದ ತಪ್ಪು ಸಮಾಸ.

ಸೊರಬದಿಂದ:

ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ಒಂದು ಟಿಕ್ ಚೌಕಕ್ಕೆ ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಹೊಸನಗರದಿಂದ:

ಪದ ಕಟ್ಟುವ ಮೊದಲು ಆ ಚೌಕ ಎಂತ ಮಾಡುತ್ತದೆ ಅಂತ ನೋಡಿ ಮಾರಾಯ್ರೇ.

ಕಡತದಲ್ಲಿ ಹೀಬ್ರೂ ಅಕ್ಷರಗಳು ಓದುವ ಕ್ರಮದಲ್ಲೇ ಇರುತ್ತವೆ. ಮೊದಲು ಶಿನ್, ಆಮೇಲೆ ಲಾಮೆದ್, ವಾವ್, ಮೇಮ್. ತಿರುಗಿಸುವುದು ತೆರೆಯ ಮೇಲೆ ಮಾತ್ರ. ಹೇಗೆ ತಿರುಗಿಸಬೇಕು ಎನ್ನುವುದಕ್ಕೆ ಯುನಿಕೋಡ್‌ನಲ್ಲಿ ಬೇರೆಯೇ ಒಂದು ಅನುಬಂಧ ಇದೆ. ಸುಮ್ನೆ ಎಲ್ಲವನ್ನೂ ಹಿಂದುಮುಂದು ಮಾಡಿದರೆ ಆಗುವುದಿಲ್ಲ. ಹೀಬ್ರೂ ಸಾಲಿನ ನಡುವೆ 2019 ಅಂತ ಬಂದರೆ ಆ ಅಂಕಿ ಎಡದಿಂದ ಬಲಕ್ಕೇ ಹೋಗಬೇಕು. ನಡುವೆ ಇಂಗ್ಲಿಷ್ ಪದ ಬಂದರೆ ಅದೂ ಹಾಗೆಯೇ. ಆವರಣ ಚಿಹ್ನೆಗಳ ಬಾಯಿ ಮಾತ್ರ ತಿರುಗಬೇಕು. ಒಂದೇ ಸಾಲಿನಲ್ಲಿ ಎರಡೂ ದಿಕ್ಕು, ಅದಕ್ಕೇ ಬೈಡೈರೆಕ್ಷನಲ್. ಹಾಗಾಗಿ 'ಎಡಮೊಗ'ವನ್ನು ಯಾರಾದರೂ ಈ ಚೌಕಕ್ಕೂ ಎಳೆದು ತಂದರೆ ಕೆಟ್ಟಿತು.

ಕನ್ನಡದವರಿಗೆ ಇದು ಹೊಸದೂ ಅಲ್ಲ. 'ಸೂರ್ಯ' ಅನ್ನುವಾಗ ಬಾಯಲ್ಲಿ ರಕಾರ ಮೊದಲು, ಬರೆಯುವಾಗ ಕೈಯಲ್ಲಿ ಯಕಾರ ಮೊದಲು. ಯುನಿಕೋಡ್ ಕಡತದಲ್ಲಿ ರಕಾರ ಮುಂದೆ ಇರುತ್ತದೆ, ತೆರೆಯ ಮೇಲೆ ಅರ್ಕಾವೊತ್ತಾಗಿ ಹಿಂದಕ್ಕೆ ಹೋಗುತ್ತದೆ. ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳಲ್ಲಿ ಹಾಗಲ್ಲ, ಕಣ್ಣಿಗೆ ಕಂಡ ಕ್ರಮದಲ್ಲೇ ಕಡತವೂ ಇರುತ್ತಿತ್ತು. ಹೀಬ್ರೂವಿನವರೂ ಆ ಕಾಲ ದಾಟಿ ಬಂದವರೇ. ವೆಬ್‌ನಲ್ಲಿ ಐಎಸ್‌ಒ 8859-8 ಎನ್ನುವ ಹೀಬ್ರೂ ಸಂಕೇತಪಟ್ಟಿ ಅಂದರೆ ಕಾಣುವ ಕ್ರಮ, ಅದರ ಹೆಸರಿನ ಕೊನೆಗೆ ಒಂದು 'ಐ' ಸೇರಿಸಿದರೆ ಓದುವ ಕ್ರಮ.

ಟರ್ಮಿನಲ್‌ನಲ್ಲಿ ತೊಂದರೆ ಜಾಸ್ತಿ. ಅದಕ್ಕೆ ಗೊತ್ತಿರುವುದು ಸಾಲು ಮತ್ತು ಸಾಲಿನೊಳಗಿನ ಮನೆಗಳು. 1978ರ ವಿಟಿ100 ಯಂತ್ರದಲ್ಲಿ ಸಾಮಾನ್ಯವಾಗಿ ಸಾಲಿಗೆ 80 ಮನೆ, ಅಂಥ 24 ಸಾಲು. ಇವತ್ತಿನ ಎಮ್ಯುಲೇಟರ್‌ಗಳು ಅಂಥ ಯಂತ್ರಗಳ ವೇಷವನ್ನೇ ಹಾಕಿಕೊಂಡಿವೆ. ಒಳಗೆ ಓಡುವ ಎಡಿಟರು ಇಂಥ ಮನೆಗೆ ಇಂಥ ಅಕ್ಷರ ಹಾಕು ಅನ್ನುತ್ತದೆ, ಟರ್ಮಿನಲ್ ಹಾಕುತ್ತದೆ. ಎಡಿಟರು ತಾನೇ ತಿರುಗಿಸಿ ಕೊಟ್ಟದ್ದನ್ನು ಟರ್ಮಿನಲ್ ಮತ್ತೊಮ್ಮೆ ತಿರುಗಿಸಿದರೆ? ವಾಪಸ್ ಉಲ್ಟಾ. ಕರ್ಸರ್ ಒಂದು ಕಡೆ, ನೀವು ಅಳಿಸುವ ಅಕ್ಷರ ಇನ್ನೊಂದು ಕಡೆ. ಚೌಕ ಇಟ್ಟಿರುವುದೇ ತಿರುಗಿಸುವ ಕೆಲಸ ಯಾರದ್ದು ಅಂತ ತೀರ್ಮಾನ ಮಾಡಲಿಕ್ಕೆ. ಎಕ್ಸ್‌ಟರ್ಮ್ ಎನ್ನುವ ಟರ್ಮಿನಲ್ ತಿರುಗಿಸುವುದೇ ಇಲ್ಲ. ಎಮ್‌ಎಲ್‌ಟರ್ಮ್, ಕಾನ್ಸೋಲ್ ಮುಂಚಿನಿಂದ ತಿರುಗಿಸುತ್ತವೆ. ಗ್ನೋಮ್ ಟರ್ಮಿನಲ್‌ಗೆ ಈ ಸೌಲಭ್ಯ ಬಂದದ್ದು 2019ರಲ್ಲಿ.

'ಎರಡೂ ದಿಕ್ಕಿನ ಬರಹ', 'ಬಲದಿಂದ ಎಡಕ್ಕೆ'. ಇಷ್ಟು ಸಾಕು. ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ.

ತೀರ್ಥಹಳ್ಳಿಯಿಂದ:

ಅಗತ್ಯವೇ ಇಲ್ಲ ಅಂತ ಹೇಳಿ ಹೇಳಿಯೇ ಟರ್ಮಿನಲ್, ಎಮ್ಯುಲೇಟರ್, ಕರ್ಸರ್, ಸೆಟ್ಟಿಂಗ್ಸ್ ಎಲ್ಲ ಒಳಗೆ ಬಂದದ್ದು. ನಿಮ್ಮ ಒಂದು ಪತ್ರದಲ್ಲಿ ಎಷ್ಟು ಇಂಗ್ಲಿಷ್ ಇದೆ ಎಣಿಸಿ.

ಸೊರಬದಿಂದ:

ತಾಲ್ಲೂಕು, ಜಿಲ್ಲೆ, ಅರ್ಜಿ, ವಕೀಲ. ಈ ಪದಗಳನ್ನು ಮುಟ್ಟದೆ ತೀರ್ಥಹಳ್ಳಿಯಲ್ಲಿ ಒಂದು ಜಮೀನಿನ ತಕರಾರು ಬಗೆಹರಿಸಿ ತೋರಿಸಿ, ಆಮೇಲೆ ಎಣಿಸೋಣ. ಅಂದ ಹಾಗೆ ಇವೆಲ್ಲ ಬಲದಿಂದ ಎಡಕ್ಕೆ ಬರೆಯುವ ನುಡಿಗಳಿಂದಲೇ ಬಂದದ್ದು.

ಎರಡೂ ದಿಕ್ಕಿನ ಬರಹ ನೋಡಬೇಕಾದರೆ ಇಸ್ರೇಲಿಗೆ ಹೋಗಬೇಕಾಗಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಿ. ಅಶೋಕನ ಶಾಸನದ ಕೊನೆಯಲ್ಲಿ ಬರೆದವನು ಚಪಡ ಅಂತ ಹೆಸರು ಹಾಕಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, 'ಲಿಪಿಕರೇಣ' ಎನ್ನುವ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಕ್ರಿ.ಪೂ. 3ನೇ ಶತಮಾನ. ಬಂಡೆಗೆ ಟಿಕ್ ಚೌಕ ಇರಲಿಲ್ಲ.

ಶಿವಮೊಗ್ಗದಿಂದ:

ಆಂಧ್ರದ ಯರ್ರಗುಡಿಯಲ್ಲಿ ಇನ್ನೂ ಚೆನ್ನಾಗಿದೆ. ಅಲ್ಲಿ ಬ್ರಾಹ್ಮಿಯನ್ನೇ ಒಂದು ಸಾಲು ಎಡದಿಂದ, ಇನ್ನೊಂದು ಸಾಲು ಬಲದಿಂದ ಕೆತ್ತಿದ ಭಾಗ ಇದೆ. ಅದಕ್ಕೆ 'ಗೋಮೂತ್ರಿಕೆ' ಅನ್ನಬಹುದು. ಕಾವ್ಯದ ಬಂಧಗಳಲ್ಲಿ ಮೊದಲೇ ಇರುವ ಪದ. ನಮ್ಮ ಚೌಕಕ್ಕೂ ಒಪ್ಪುತ್ತದೆ.

ಹೊಸನಗರದಿಂದ:

ಒಪ್ಪುವುದಿಲ್ಲ. ಅಲ್ಲಿ ಸಾಲಿಗೊಂದು ದಿಕ್ಕು, ಇಲ್ಲಿ ಒಂದೇ ಸಾಲಿನೊಳಗೆ ಎರಡು. ಅಲ್ಲದೆ ಸೆಟ್ಟಿಂಗ್ಸ್ ಪುಟದಲ್ಲಿ ಗೋಮೂತ್ರ ಅಂತ ಕಂಡರೆ ಜನ ಏನಂದುಕೊಳ್ಳಬೇಕು?

ಸಾಗರದಿಂದ:

ಎಲ್ಲರಿಗೂ ಧನ್ಯವಾದ. ಕರೆಂಟು ಇರುವಾಗಲೇ ಕಳಿಸಿಬಿಟ್ಟೆ. ಮೊದಲನೆಯದು 'ಎರಡೂ ದಿಕ್ಕಿನ ಬರಹ ತೋರಿಸು'. ಎರಡನೆಯದು 'ಬಲದಿಂದ ಎಡಕ್ಕೆ'. ಮೂರನೆಯದು 'ಸಾಲಿನ ದಿಕ್ಕನ್ನು ತಾನಾಗಿ ಗುರುತಿಸು'. ಸಾಲಿನಲ್ಲಿ ಮೊದಲು ಸಿಗುವ ಅಕ್ಷರ ಹೀಬ್ರೂ ಆದರೆ ಬಲದಿಂದ ಶುರು, ಕನ್ನಡ ಆದರೆ ಎಡದಿಂದ. ಅಂಕಿ, ಚುಕ್ಕಿ ಲೆಕ್ಕಕ್ಕಿಲ್ಲ. ಇದನ್ನು ಸಹಾಯ ಪುಟದಲ್ಲಿ ಬರೆದಿದ್ದೇನೆ, ಜೊತೆಗೆ ಅರ್ಕಾವೊತ್ತಿನ ಉದಾಹರಣೆಯನ್ನೂ ಹಾಕಿಕೊಂಡೆ. ಟರ್ಮಿನಲ್ ಟರ್ಮಿನಲ್ ಆಗಿಯೇ ಇದೆ.

ತೀರ್ಥಹಳ್ಳಿಯಿಂದ:

'ದಿಕ್ಕು' ಕೂಡ ಸಂಸ್ಕೃತದಿಂದ ಬಂದ ತದ್ಭವವೇ. 'ಕಡೆ' ಅಂತ ಒಳ್ಳೆ ಕನ್ನಡ ಪದ ಇರುವಾಗ ಅದು ಯಾಕೆ ಬೇಕಿತ್ತು?

ಶಿವಮೊಗ್ಗದಿಂದ:

'ಎರಡೂ ಕಡೆಯ ಬರಹ' ಅಂದರೆ ಹಾಳೆಯ ಎರಡೂ ಮಗ್ಗುಲಲ್ಲಿ ಬರೆದದ್ದು. ಬೇಡ.