ಸಹಾಯ ಬೇಕು: ಮನಸ್ಸಲ್ಲಿ "ಹೋಗು" ಅನ್ಸತ್ತೆ, ಅವರು "ಬೇಡ" ಅಂತಾರೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎಲ್‌ಡಿಎಸ್ (ಮಾರ್ಮನ್ ಅಂತ ಜನ ಕರೆಯೋ ಚರ್ಚ್) ಸಭೆಯ ಸದಸ್ಯೆ. ನಮ್ಮ ಚರ್ಚಿನ ಮಹಿಳಾ ಸಂಘವಾದ ರಿಲೀಫ್ ಸೊಸೈಟಿಯಿಂದ ನನಗೂ ನನ್ನ ಜೊತೆಗಾರ್ತಿಗೂ ಮಿನಿಸ್ಟರಿಂಗ್‌ಗೆ (ಸದಸ್ಯರ ಕಷ್ಟಸುಖ ವಿಚಾರಿಸಿ ನೆರವಾಗೋ ಸೇವೆ) ಕೊಟ್ಟಿರುವ ಮನೆಗಳಲ್ಲಿ ಒಬ್ಬ ವಿಧವೆ ಆಂಟಿಯದೂ ಒಂದು. ಮಂಡಿನೋವು ಅಂತ ಭಾನುವಾರದ ಸಭೆಗೆ ಬರೋದು ನಿಲ್ಲಿಸಿದ್ದಾರೆ.

2018ರ ಏಪ್ರಿಲ್‌ನಲ್ಲಿ ಚರ್ಚ್ ಪದ್ಧತಿ ಬದಲಿಸೋಕೆ ಮುಂಚೆ ಲೆಕ್ಕ ಸುಲಭವಿತ್ತು. ತಿಂಗಳಿಗೊಮ್ಮೆ ಭೇಟಿ, ಒಂದು ಸಂದೇಶ, ಆಯ್ತು. ಈಗ ಆ ಕಟ್ಟುಪಾಡಿಲ್ಲ, ಪ್ರಾರ್ಥಿಸಿ ಪವಿತ್ರಾತ್ಮನ ಪ್ರೇರಣೆಯಂತೆ ನಡೆದುಕೊಳ್ಳಿ ಅಂತಾರೆ. ಒಳ್ಳೆಯದೇ, ಆದ್ರೆ ನನ್ನಂಥವರಿಗೆ ಹಳೇದೇ ಸಲೀಸಾಗಿತ್ತೇನೋ!

ಅಡುಗೆ ಮಾಡ್ತಿರುವಾಗಲೋ, ಬಸ್ಸಲ್ಲೋ, ಇದ್ದಕ್ಕಿದ್ದಂತೆ ಆಂಟಿ ನೆನಪಾಗಿ "ಈಗಲೇ ಹೋಗು" ಅನ್ಸತ್ತೆ. ಫೋನ್ ಮಾಡಿದ್ರೆ "ನಾನು ಚೆನ್ನಾಗಿದೀನಮ್ಮ, ಬರೋದು ಬೇಡ" ಅಂತಾರೆ. ಅವರ ಮಗ ಸಭೆಯವರಲ್ಲ. ಚರ್ಚಿನವರು ಮನೆಗೆ ಬಂದ್ರೆ ಅಕ್ಕಪಕ್ಕದವರು ಮತಾಂತರ ಅಂತ ಮಾತಾಡ್ತಾರೆ ಅನ್ನೋ ಭಯ ಆಂಟಿಗೆ. ಅದನ್ನ ತಪ್ಪು ಅನ್ನಕ್ಕಾಗಲ್ಲ, ಆ ಮನೇಲಿ ಬಾಳಬೇಕಾದವರು ಅವರೇ ತಾನೆ.

ವಾಟ್ಸ್ಆ್ಯಪ್‌ನಲ್ಲಿ ವಚನ ಕಳಿಸಿದೆ, ನೀಲಿ ಗೆರೆ ಬರತ್ತೆ, ಉತ್ತರ ಇಲ್ಲ. ಜೊತೆಗಾರ್ತಿ ಒಮ್ಮೆ ಸಾರು ಕೊಟ್ಟು ಬಾಗಿಲಿಂದಲೇ ವಾಪಸ್ ಬಂದ್ರು. ಆಂಟಿ ಕಣ್ಣಲ್ಲಿ ನೀರಿತ್ತಂತೆ. ಒಳ್ಳೇದಕ್ಕೆ ಕರೆಯೋದೆಲ್ಲ ದೇವರಿಂದ ಅಂತ ನಮ್ಮ ಮಾರ್ಮನ್ ಗ್ರಂಥದ ಮೊರೋನಿ 7:13 ಓದ್ತೀನಿ, ಆದ್ರೂ ಇದು ಪ್ರೇರಣೆಯೋ ನನ್ನದೇ ಆತಂಕವೋ ಗೊತ್ತಾಗ್ತಿಲ್ಲ.

ಇಂಥ ಮನೆಗಳಿಗೆ ಮಿನಿಸ್ಟರಿಂಗ್ ಮಾಡಿದವರು ಹೇಳಿ: ಬಾಯಲ್ಲಿ ಬೇಡ ಅಂದಾಗಲೂ ಪ್ರೇರಣೆ ಬಂದ್ರೆ ಹೇಳದೇ ಹೋಗ್ತೀರಾ? ಇಲ್ಲಾ, ಮೊದಲು ಮಗನ ಹತ್ರ ಮಾತಾಡ್ಬೇಕಾ?