2028ರ ಪೆನ್ನಿಗೆ ಈಗಲೇ ಚೀಟಿ ಹಾಕಬೇಕಾ?

ಭಾನುವಾರ ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತುಕತೆ ಇದು. ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು, ಅಲ್ಲಿಂದ ಶುರುವಾಯಿತು.

ಚಿಕ್ಕಪ್ಪ (ಫಾರ್ವರ್ಡ್): 2028ರಲ್ಲಿ ಜಪಾನಿನ ಪೈಲಟ್ ಕಂಪನಿಗೆ 110 ವರ್ಷ. ಅದೇ ವರ್ಷ ಪ್ಲಾಟಿನಂ ಕಂಪನಿಯ 3776 ಪೆನ್ನಿಗೆ 50. ಒಂದೇ ವರ್ಷ ಎರಡು ಹಬ್ಬ! ಇಂಕ್ ಪೆನ್ ಪ್ರಿಯರೇ, ಈಗಿನಿಂದಲೇ ದುಡ್ಡು ಕೂಡಿಡಿ.

ಚಿಕ್ಕಪ್ಪ: ಎಲ್ಲರೂ ಓದಿದಿರಾ? ನನ್ನ ಯೋಚನೆ ಹೀಗಿದೆ. ತಿಂಗಳಿಗೆ ಎರಡು ಸಾವಿರದ ಚೀಟಿ ಹಾಕೋಣ, ಮನೆಯವರು ಮನೆಯವರೇ. ಪೆನ್ನು ಬಂದಾಗ ಚೀಟಿ ಎತ್ತಿದರಾಯಿತು. ಅಳಿಯಂದಿರು ಜಪಾನಿನ ಯೊಕೊಹಾಮದಲ್ಲೇ ಇದ್ದಾರೆ, ಅಂಗಡಿಗೆ ಹೋಗಿ ತರೋಕೆ ಅನುಕೂಲ.

ಅತ್ತೆ: ಚೀಟಿ ಹಾಕೋದಾದರೆ ಚಿನ್ನಕ್ಕೆ ಹಾಕಣ್ಣ. ರೇಟು ಎಲ್ಲಿಗೆ ಹೋಗಿದೆ ಗೊತ್ತಾ?

ಚಿಕ್ಕಪ್ಪ: ಇದರ ನಿಬ್ಬೂ ಚಿನ್ನದ್ದೇ ಕಣಮ್ಮ. 14 ಕ್ಯಾರೆಟ್.

ದೊಡ್ಡಪ್ಪ: ಯಾರೂ ಕಣ್ಣಲ್ಲಿ ನೋಡದ ಪೆನ್ನಿಗೆ ಚೀಟಿನಾ? ಕಂಪನಿಯವರು ಏನಾದರೂ ಹೇಳಿದ್ದಾರಾ? ಯಾರೋ ವರ್ಷ ಲೆಕ್ಕ ಹಾಕಿ ಕಳಿಸಿದ್ದಾರೆ, ಅಷ್ಟೆ.

ನಾನು: ವರ್ಷದ ಲೆಕ್ಕ ಸರಿ ಇದೆ ದೊಡ್ಡಪ್ಪ. ರ್ಯೋಸುಕೆ ನಮಿಕಿ, ಮಸಾವೊ ವಾದಾ ಇಬ್ಬರೂ ಸೇರಿ ಪೈಲಟ್ ಕಂಪನಿ ಕಟ್ಟಿದ್ದು 1918ರಲ್ಲಿ. 3776 ಬಂದದ್ದು 1978ರಲ್ಲಿ. ಫ್ಯೂಜಿ ಬೆಟ್ಟದ ಎತ್ತರ 3,776 ಮೀಟರ್, ಅದನ್ನೇ ಹೆಸರಾಗಿ ಇಟ್ಟರು. ಆದರೆ 2028ಕ್ಕೆ ಏನು ತರುತ್ತಾರೆ ಅನ್ನೋದು ಈ ಫಾರ್ವರ್ಡಿನಲ್ಲಿ ಎಲ್ಲೂ ಇಲ್ಲ.

ಚಿಕ್ಕಪ್ಪ: ಹೇಳಿದ ಮೇಲೆ ದುಡ್ಡು ಹುಡುಕುತ್ತಾ ಕೂತರೆ ಆಗುತ್ತಾ? ಅಷ್ಟರಲ್ಲಿ ಖಾಲಿ.

ದೊಡ್ಡಪ್ಪ: ಆಗಲಿ ಬಿಡು. ನನ್ನ ಪೈಲಟ್ ಕಸ್ಟಮ್ 74 ನನಗೆ ಸಾಕು. ದಿನಾ ಬೆಳಿಗ್ಗೆ ಒಂದು ಪುಟ ಬರೀತೀನಿ. ವಾರ್ಷಿಕೋತ್ಸವದ ಪೆನ್ನಲ್ಲಿ ಬರೆದರೆ ಅಕ್ಷರ ದುಂಡಗೆ ಬರುತ್ತಾ?

ನಾನು: ನಿಮ್ಮ ಪೆನ್ನಿನ ಹೆಸರಲ್ಲೇ ವಾರ್ಷಿಕೋತ್ಸವ ಇದೆ ದೊಡ್ಡಪ್ಪ! 1918ಕ್ಕೆ 74 ಕೂಡಿಸಿ. 1992 ಬರುತ್ತೆ. ಆ ಪೆನ್ನು ಬಂದದ್ದು ಆ ವರ್ಷವೇ. ಪೈಲಟ್‌ನವರು ಕಸ್ಟಮ್ ಪೆನ್ನುಗಳಿಗೆ ಹೀಗೇ ಹೆಸರಿಡುತ್ತಾರೆ. 823 ಅಂದರೆ ಕಂಪನಿಯ 82ನೇ ವರ್ಷ, ಅಂದರೆ 2000. ಕೊನೆಯ 3 ಬೆಲೆಗೆ, 30,000 ಯೆನ್. 912 ಅಂದರೆ 91ನೇ ವರ್ಷ, 2009, ಬೆಲೆ 20,000. ಈಗ ಆ ಬೆಲೆಗೆ ಸಿಗಲ್ಲ, ಏರಿಬಿಟ್ಟಿದೆ. ಹೆಸರು ಮಾತ್ರ ಹಾಗೇ ಇದೆ.

ಅಕ್ಕ: ಇದು ನನಗೆ ಗೊತ್ತೇ ಇರಲಿಲ್ಲ ಕಣೋ. ಮನೇಲಿ 823 ಇದೆ.

ನಾನು: ನಾನು ಹೇಳೋಕೆ ಹೊರಟಿದ್ದೂ ಅದೇ. 74 ಅನ್ನೋದು ಯಾರೂ ಹಬ್ಬ ಮಾಡೋ ವರ್ಷ ಅಲ್ಲ. ಪೆಟ್ಟಿಗೆ ಮೇಲೆ ಸಂಖ್ಯೆ ಕೆತ್ತಿ, ಇಷ್ಟೇ ಪೆನ್ನು ಅಂತ ಮಾರಲಿಲ್ಲ. ಆದರೂ 30 ವರ್ಷ ದಾಟಿ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತೆ. ನಿಬ್ಬು ಚೆನ್ನಾಗಿದೆ, ಅದಕ್ಕೇ ಉಳಿದಿದೆ. ದೊಡ್ಡಪ್ಪ, ಭೂತಗನ್ನಡಿ ಹಿಡಿದು ನಿಬ್ಬಿನ ಬುಡದ ಹತ್ತಿರ ನೋಡಿ. ಸಣ್ಣ ಅಂಕಿ ಕಾಣುತ್ತಾ?

ದೊಡ್ಡಪ್ಪ: ತಡಿ. ಪೈಲಟ್ ಅಂತಿದೆ. ಕೆಳಗೆ 14ಕೆ-585. ಅದರ ಕೆಳಗೆ 5. ಇನ್ನೂ ಕೆಳಗೆ, ಅಂಚಿಗೆ... 814?

ನಾನು: ಹಾಂ, ಅದೇ. 2014ರ ಆಗಸ್ಟ್‌ನಲ್ಲಿ ಮಾಡಿದ ನಿಬ್ಬು. 5 ಅನ್ನೋದು ನಿಬ್ಬಿನ ಅಳತೆ.

ದೊಡ್ಡಪ್ಪ: ಭಲೇ. ಇದಕ್ಕೂ ಹುಟ್ಟಿದ ದಿನ ಇದೆ ಅನ್ನು.

ಚಿಕ್ಕಪ್ಪ: ನೀನು ಅಣ್ಣನ ಕಡೆ ಸೇರಿಬಿಟ್ಟೆ. ಸರಿ, ನನ್ನ ಮಾತನ್ನೂ ಕೇಳು. ಸಂಗ್ರಹ ಮಾಡೋರನ್ನ ಬರೀ ಶೋಕಿ ಮಾಡೋರು ಅಂತ ತಿಳ್ಕೋಬೇಡಿ. 3776 ಹುಟ್ಟಿದ್ದೇ ಒಬ್ಬ ಸಂಗ್ರಾಹಕನ ಜೊತೆ ಕೂತು. ಹರುವೊ ಉಮೆದಾ ಅಂತ, ಬರಹಗಾರ, ಪೆನ್ನು ಅಂದರೆ ಪ್ರಾಣ. ಒಳ್ಳೆ ಪೆನ್ನು ಅಂದರೆ ಹೇಗಿರಬೇಕು ಅನ್ನೋದನ್ನ ಅವರ ಜೊತೆ ಕೂತು ಯೋಚಿಸಿ ಮಾಡಿದರು. ನೂರಾರು ಪೆನ್ನು ಹಿಡಿದು ನೋಡಿದ ಕೈಗೆ ಗೊತ್ತಾಗೋದು ಒಂದೇ ಪೆನ್ನಲ್ಲಿ ಬರೆಯೋನಿಗೆ ಗೊತ್ತಾಗಲ್ಲ. ಇನ್ನೊಂದು ವಿಷಯ. ಮಾಕಿ-ಎ ಕೆಲಸ ಮಾಡೋ ಕೈಗಳು ಇವತ್ತಿಗೂ ಉಳಿದಿವೆ ಅಂದರೆ ಕೊಳ್ಳೋರು ಕಾದು ಕೂತಿದ್ದಾರೆ ಅಂತಲೇ. ದಿನ ಬಳಕೆಗೆ ಅಂತ ಯಾರೂ ಅದನ್ನ ತಗೊಳಲ್ಲ.

ನಾನು: ಈ ಮಾತು ಒಪ್ಪಿದೆ ಚಿಕ್ಕಪ್ಪ.

ಅತ್ತೆ: ಮಾಕಿ-ಎ ಅಂದರೇನೋ?

ಭಾವ: ಅತ್ತೆ, ನಾನು ಹೇಳ್ತೀನಿ. ಇಲ್ಲಿ ಟೋಕಿಯೊದ ಗಿಂಜಾದಲ್ಲಿ ಇತೋಯಾ ಅಂತ ಒಂದು ಅಂಗಡಿ ಇದೆ, 1904ರಿಂದ ಇದೆ. ಅಲ್ಲಿ ಗಾಜಿನ ಒಳಗೆ ಇಟ್ಟಿರುತ್ತಾರೆ. ಪೆನ್ನಿನ ಮೈಗೆ ಉರುಷಿ ಮರದ ಅಂಟು ಬಳಿಯುತ್ತಾರೆ. ಅದು ಹಸಿ ಇರುವಾಗಲೇ ತೆಳು ಕೊಳವೆಯಿಂದ ಬಂಗಾರದ ಪುಡಿ ಉದುರಿಸಿ ಚಿತ್ರ ಮೂಡಿಸುತ್ತಾರೆ. ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತಾರೆ. ಒಂದು ಪೆನ್ನಿಗೆ ತಿಂಗಳುಗಟ್ಟಲೆ ಹಿಡಿಯುತ್ತೆ.

ಅತ್ತೆ: ಚನ್ನಪಟ್ಟಣದ ಬೊಂಬೆಗೆ ಬಳೀತಾರಲ್ಲ, ಆ ಥರ?

ಭಾವ: ಅಲ್ಲ ಅತ್ತೆ. ಅದು ಹುಳ ಕೊಡುವ ಅರಗು. ತಿರುಗೋ ಮರಕ್ಕೆ ಒತ್ತಿ ಹಿಡಿದರೆ ಬಿಸಿಗೆ ಕರಗಿ ಹತ್ತುತ್ತೆ. ಇದು ಮರದ ಹಾಲು. ಬಿಸಿಲಲ್ಲಿಟ್ಟರೆ ಗಟ್ಟಿಯಾಗಲ್ಲ, ತೇವ ಇರೋ ಪೆಟ್ಟಿಗೆಯಲ್ಲಿ ಇಡಬೇಕು. ಪೆನ್ನಿಗೆ ಇದನ್ನ ಬಳಿಯೋಕೆ ಶುರು ಮಾಡಿದ್ದು ಚಂದಕ್ಕೆ ಮಾತ್ರ ಅಲ್ಲ. ಆಗಿನ ಪೆನ್ನು ಎಬೊನೈಟಿನದು, ಬೆಳಕು ಬಿದ್ದು ಬಿದ್ದು ಕಪ್ಪು ಬಣ್ಣ ಮಾಸುತ್ತಿತ್ತು. ಅದನ್ನ ತಡೆಯೋಕೆ ನಮಿಕಿಯವರು ಈ ದಾರಿ ಹಿಡಿದರು. ಆಮೇಲೆ ಚಿತ್ರ ಬಂತು. ಅವರ ಜೊತೆ ಕೆಲಸ ಮಾಡಿದ ಗೊನ್ರೊಕು ಮತ್ಸುದಾ ಅವರನ್ನ 1955ರಲ್ಲಿ ಜೀವಂತ ರಾಷ್ಟ್ರೀಯ ನಿಧಿ ಅಂತ ಜಪಾನ್ ಸರ್ಕಾರ ಗೌರವಿಸಿತು.

ದೊಡ್ಡಪ್ಪ: ಇದು ಕೆಲಸ. ಇದಕ್ಕೆ ದುಡ್ಡು ಕೊಟ್ಟರೆ ತಪ್ಪಿಲ್ಲ. ಕ್ಯಾಪಿನ ಬಣ್ಣ ಬದಲಾಯಿಸಿ, ಬಳೆ ಮೇಲೆ 110 ಅಂತ ಬರೆದು ಎರಡರಷ್ಟು ಕೇಳಿದರೆ ಅದಕ್ಕೂ ಕೊಡಬೇಕಾ? ಅಷ್ಟೇ ನಾನು ಕೇಳೋದು.

ಚಿಕ್ಕಪ್ಪ: ಬೆಲೆ ಜಾಸ್ತಿ ಅನ್ನೋದಾದರೆ ಎರಡು ತರಿಸೋಣ. ಒಂದು ಇಟ್ಟುಕೊಂಡು ಇನ್ನೊಂದು ಮಾರಿದರೆ ನಮ್ಮದು ಹೆಚ್ಚುಕಮ್ಮಿ ಪುಕ್ಕಟೆ.

ಅಕ್ಕ: ಅದು ಬೇಡ ಚಿಕ್ಕಪ್ಪ. ಅಂಗಡಿಗೆ ಬರೋದೇ ಕೆಲವು. ನಾವು ಎರಡು ಎತ್ತಿಕೊಂಡರೆ ಇನ್ಯಾರೋ ಒಬ್ಬರು ಬರೆಯೋಕೆ ಅಂತ ಕಾದವರು ಬರಿಗೈಲಿ ಹೋಗ್ತಾರೆ. ಆಮೇಲೆ ಅವರೇ ನಮ್ಮಂಥವರ ಹತ್ತಿರ ದುಪ್ಪಟ್ಟು ಕೊಡಬೇಕು. ರೀ, ನೀವು ಇದಕ್ಕೆ ಒಪ್ಪಬೇಡಿ.

ಭಾವ: ಒಪ್ಪಲ್ಲ. ಮಾವ, ಬೇಜಾರು ಮಾಡ್ಕೋಬೇಡಿ. ಒಂದು ಆದರೆ ಖಂಡಿತ ತರ್ತೀನಿ, ಊರಿಗೆ ಬರುವಾಗ ಕೈಯಲ್ಲೇ ಹಿಡಿದು ತರ್ತೀನಿ.

ಚಿಕ್ಕಪ್ಪ: ಸರಿಯಪ್ಪ. ಒಂದೇ.

ನಾನು: ನನಗೆ 2028ರಲ್ಲಿ ನಿಜವಾಗಿ ಆಸೆ ಇರೋದು ಪ್ಲಾಟಿನಂ ಕಡೆ. 2011ರಲ್ಲಿ ಅವರು 3776ಗೆ ಹೊಸ ರೂಪ ಕೊಟ್ಟು ಸೆಂಚುರಿ ಅಂತ ತಂದರು. ಕ್ಯಾಪಿನ ಒಳಗೆ ಇನ್ನೊಂದು ಪುಟ್ಟ ಕ್ಯಾಪು, ಅದರ ಹಿಂದೆ ಸ್ಪ್ರಿಂಗು. ತಿರುಪಿ ಮುಚ್ಚಿದರೆ ಒಳಗಿನದು ನಿಬ್ಬಿನ ಸುತ್ತ ಬಿಗಿಯಾಗಿ ಕೂರುತ್ತೆ, ಕೊನೇ ಸುತ್ತಿನಲ್ಲಿ ಬೆರಳಿಗೆ ಗೊತ್ತಾಗುತ್ತೆ. ಎರಡು ವರ್ಷ ಮುಚ್ಚಿಟ್ಟರೂ ಇಂಕು ಒಣಗಲ್ಲ ಅನ್ನೋದು ಅವರ ಭರವಸೆ. ಹತ್ತು ಪೆನ್ನು ಇಟ್ಟುಕೊಂಡು ಒಂದರಲ್ಲೇ ಬರೆಯೋರಿಗೆ ಇದಕ್ಕಿಂತ ಉಪಕಾರ ಬೇರೆ ಇಲ್ಲ. 50ಕ್ಕೆ ಇಂಥದ್ದೊಂದು ಹೊಸತು ತಂದರೆ ಚಿಕ್ಕಪ್ಪ, ಮೊದಲ ಕಂತು ನನ್ನದು. ಬರೀ ಬಣ್ಣ ಬದಲಾಗಿದ್ದರೆ ಒಂದು ರೂಪಾಯಿ ಕೊಡಲ್ಲ.

ಅತ್ತೆ: ಎಲ್ಲಾ ಸಾವಿರ, ಲಕ್ಷದ ಮಾತೇ. ನಮ್ಮಂಥವರಿಗೆ ಏನೂ ಇಲ್ವಾ?

ನಾನು: ಇದೆ ಅತ್ತೆ. ನೂರು ತುಂಬಿದಾಗ, 2018ರಲ್ಲಿ, ಪೈಲಟ್‌ನವರು ಏಳು ಬಣ್ಣದ ಇಂಕು ತಂದಿದ್ದರು. ಜಪಾನಿನ ಏಳು ಅದೃಷ್ಟ ದೇವರ ಹೆಸರಲ್ಲಿ. ಅದರಲ್ಲಿ ಮೂವರು ನಮ್ಮವರೇ. ಬೆಂಜೈತೆನ್ ಅಂದರೆ ಸರಸ್ವತಿ, ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು. ಅಲ್ಲಿ ಅವಳ ಕೈಯಲ್ಲಿ ವೀಣೆ ಬದಲು ಬಿವಾ ಅನ್ನೋ ವಾದ್ಯ ಇರುತ್ತೆ. ದೈಕೊಕುತೆನ್ ಅಂದರೆ ಮಹಾಕಾಲ. ಬಿಶಮೊನ್‌ತೆನ್ ಅಂದರೆ ವೈಶ್ರವಣ, ನಮ್ಮ ಕುಬೇರ.

ಅತ್ತೆ: ಸರಸ್ವತಿ ಹೆಸರಲ್ಲಿ ಇಂಕಾ! ಅದನ್ನ ಮೊದಲು ಹೇಳಬಾರದಾ? ನವರಾತ್ರೀಲಿ ಪುಸ್ತಕದ ಪಕ್ಕ ಇಡೋಕೆ ಅದಕ್ಕಿಂತ ಇನ್ನೇನು ಬೇಕು? ಅಳಿಯಂದಿರೇ, ಈಗಲೂ ಸಿಗುತ್ತಾ ನೋಡಿ.

ಭಾವ: ನೋಡ್ತೀನಿ ಅತ್ತೆ. ಯಾವುದಾದರೂ ಅಂಗಡಿ ಮೂಲೆಯಲ್ಲಿ ಉಳಿದಿರಬಹುದು.

ದೊಡ್ಡಪ್ಪ: ನನಗೂ ಒಂದು ಬಾಟಲಿ. ಬಣ್ಣ ಯಾವುದಾದರೂ ಆಗಲಿ, ಸರಸ್ವತಿಯದೇ ಬೇಕು.

ಚಿಕ್ಕಪ್ಪ: ಇಂಕಿಗೆ ಎಲ್ಲರೂ ರೆಡಿ, ಪೆನ್ನಿಗೆ ನಾನೊಬ್ಬನೇ. ಇರಲಿ. ಚೀಟಿ ಬರೋ ಒಂದನೇ ತಾರೀಖಿಂದ ಶುರು. ನಿಮ್ಮಕ್ಕನ ಮಾತಿನಂತೆ ಒಂದೇ ಪೆನ್ನು. ಅಣ್ಣನ ಮಾತಿನಂತೆ, ಕಂಪನಿಯವರು ತಾವಾಗೇ ಹೇಳೋವರೆಗೂ ಯಾವ ಅಂಗಡಿಗೂ ಮುಂಗಡ ಇಲ್ಲ. ಬಂದದ್ದು ಬರೀ ಬಣ್ಣದ ಆಟ ಆಗಿದ್ದರೆ ಅವರವರ ದುಡ್ಡು ಅವರವರಿಗೆ ವಾಪಸ್. ಸೇರೋರು ಕೆಳಗೆ ಹೆಸರು ಹಾಕಿ.

ಅಕ್ಕ: ನಾನು ಸೇರ್ತೀನಿ.

ನಾನು: ನಾನೂ.

ಅತ್ತೆ: ನನ್ನದು ಅರ್ಧ ಚೀಟಿ ಮಾಡ್ಕೋ ಅಣ್ಣ. ಪೆನ್ನು ಬಾರದಿದ್ದರೆ ಆ ದುಡ್ಡಿಗೆ ಓಲೆ ತಗೋತೀನಿ.

ದೊಡ್ಡಪ್ಪ: ನನ್ನ ಹೆಸರು ಬೇಡ. ಮಾಕಿ-ಎ ಮಾಡಿದ್ದು ಬಂದರೆ ಫೋಟೋ ಹಾಕಿ, ಆಗ ನೋಡೋಣ.