ಟೈಲರ್ ಬೇಕಾದರೆ ಲಿಂಕ್ಡ್‌ಇನ್ ಯಾಕೆ ಕೈಕೊಡುತ್ತೆ?

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್‌ಗೆ ಟೈಲರ್‌ಗಳು ಬೇಕು. ಲಿಂಕ್ಡ್‌ಇನ್‌ನಲ್ಲಿ ಹಾಕಿದರೆ ಬರೀ ಎಚ್‌ಆರ್‌ನವರೇ ಲೈಕ್ ಒತ್ತುತ್ತಾರೆ. ಎಲ್ಲಿ ಹಾಕಬೇಕು?

ಉತ್ತರ 1: ಅಲ್ಲಿ ರೆಸ್ಯೂಮೆ, ಇಂಗ್ಲಿಷ್ ಇದ್ದವರದ್ದೇ ಸಂತೆ. ಟೈಲರ್‌ಗಳು ಸಿಗೋದು ವಾಟ್ಸಾಪ್‌ನಲ್ಲಿ. ಕನ್ನಡದಲ್ಲಿ 30 ಸೆಕೆಂಡಿನ ವಾಯ್ಸ್ ಮೆಸೇಜ್ ಸಾಕು: ಸಂಬಳ, ಪಿಎಫ್, ಇಎಸ್‌ಐ, ಕಂಪನಿ ಬಸ್ ಯಾವ ಸ್ಟಾಪಿಗೆ ಬರುತ್ತೆ. ನಂಬರ್ ಪೋಸ್ಟರ್ ಚಿತ್ರದೊಳಗೆ ಮಾತ್ರ ಇದ್ದರೆ ಒತ್ತಿ ಕಾಲ್ ಮಾಡೋದು ಕಷ್ಟ. ಕೆಳಗೆ ಟೈಪ್ ಮಾಡಿ. ಸ್ಟೇಟಸ್ 24 ಗಂಟೆಗೆ ಮಾಯ, ಭಾನುವಾರ ರಜೆಯಲ್ಲಿ ಜನ ನೋಡೋ ಹಾಗೆ ಶನಿವಾರ ರಾತ್ರಿ ಹಾಕಿ.

ಉತ್ತರ 2: ಓದಿದವರಿಗೊಂದು ಜಾಗ, ಉಳಿದವರಿಗೊಂದು ಅನ್ನೋ ಈ ಒಡಕು ಹಳೇದು. 2004ರಲ್ಲಿ ಫೇಸ್‌ಬುಕ್ ಶುರುವಾದದ್ದೇ ಹಾರ್ವರ್ಡ್ ಈಮೇಲ್ ಇದ್ದವರಿಗೆ. ಎಲ್ಲರಿಗೂ ಬಾಗಿಲು ತೆಗೆದದ್ದು 2006ರಲ್ಲಿ. ನಮ್ಮಲ್ಲಿ ಟಿಕ್‌ಟಾಕ್ ನೋಡಿ ಮೂಗು ಮುರಿದವರು, 2020ರ ನಿಷೇಧದ ನಂತರ ಅದೇ ಕುಣಿತವನ್ನು ರೀಲ್ಸ್‌ನಲ್ಲಿ ನೋಡ್ತಾರೆ!

ಉತ್ತರ 3: ಶೇರ್‌ಚಾಟ್ ಆ್ಯಪ್ ಬೆಂಗಳೂರಿನದೇ, ಕನ್ನಡದಲ್ಲೂ ಇದೆ. ಆದರೆ ಅಲ್ಲಿ ಜನ ಶುಭೋದಯ ಹುಡುಕ್ತಾರೆ, ಕೆಲಸ ಅಲ್ಲ.